ಸರ್ವರ್ ಕೊಳ್ಳುವ ಮುನ್ನ ಪಾರ್ಕ್ ಲೇನ್ ನೆನಪಿರಲಿ

ಹೈದರಾಬಾದಿನ ಸಣ್ಣ ಶಾಲೆಯೊಂದರ ಲ್ಯಾಬಿನಲ್ಲಿ ಹತ್ತು ವರ್ಷ ದುಡಿದ ಸರ್ವರನ್ನು ಬದಲಿಸೋಣ ಎಂದರೆ ಆಡಳಿತ ಮಂಡಳಿಯ ಉತ್ತರ ಸಿದ್ಧವಾಗಿರುತ್ತದೆ: ‘ಇನ್ನೂ ಓಡ್ತಾ ಇದೆಯಲ್ಲ!’ ಓಡುತ್ತಿದೆ ಎಂಬುದು ಗಟ್ಟಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಗೂಗಲ್ ತನ್ನ ಒಂದು ಲಕ್ಷಕ್ಕೂ ಹೆಚ್ಚು ಹಾರ್ಡ್‌ಡಿಸ್ಕ್‌ಗಳ ದಾಖಲೆ ಜಾಲಾಡಿ 2007ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿತು. ಡಿಸ್ಕ್ ತಾನೇ ಕೊಡಬೇಕಾದ ‘ಸ್ಮಾರ್ಟ್’ ಮುನ್ಸೂಚನೆಗಳಲ್ಲಿ ಮುಖ್ಯವಾದವು ನಾಲ್ಕು. ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆ ನಾಲ್ಕರಲ್ಲಿ ಒಂದನ್ನೂ ಕೊಡದೆ ಕೈಕೊಟ್ಟಿದ್ದವು. ಇದರ ಮೇಲೆ ಈ ಊರಿನ ಬೇಸಿಗೆ ಬೇರೆ. ಪವರ್ ಸಪ್ಲೈನೊಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಆಯಸ್ಸು ಪ್ರತಿ 10 ಡಿಗ್ರಿ ಬಿಸಿಗೆ ಸುಮಾರು ಅರ್ಧಕ್ಕಿಳಿಯುತ್ತದೆ. ಯಂತ್ರ ಹೇಗೋ ಉಳಿಯಿತೆಂದರೂ, ಅದರಲ್ಲಿರುವುದು ವಿಂಡೋಸ್ ಸರ್ವರ್ 2012 ಆಗಿದ್ದರೆ ಅದರ ಬೆಂಬಲದ ಅವಧಿ 2023ರ ಅಕ್ಟೋಬರ್ 10ಕ್ಕೇ ಮುಗಿದಿದೆ.

ಬದಲಿಸುವುದು ಸರಿ, ಆದರೆ ಯಾವುದರಿಂದ? ಸರ್ವರ್ ಹೋದ ಜಾಗಕ್ಕೆ ಇನ್ನೂ ದೊಡ್ಡ ಸರ್ವರನ್ನೇ ತರುವುದು ಶಾಲೆಗಳ ರೂಢಿ. ನನ್ನ ಮಟ್ಟಿಗೆ ಇದು ದುಬಾರಿ ಅಭ್ಯಾಸ. ಮೂವತ್ತು ಮಕ್ಕಳ ಲ್ಯಾಬಿಗೆ ಎರಡು ಎಸ್‌ಎಸ್‌ಡಿ, 32 ಜಿಬಿ ರ‍್ಯಾಮ್ ಇರುವ ಸಾಧಾರಣ ಡೆಸ್ಕ್‌ಟಾಪ್ ಧಾರಾಳವಾಗಿ ಸಾಕು. ಸರ್ವರ್ ಮೇಲಿನ ಹೊರೆಯೇ ಈಗ ಇಳಿದಿದೆ. 1999ರಲ್ಲಿ ಆರಂಭವಾದ ಎಲ್‌ಟಿಎಸ್‌ಪಿ ಎಂಬ ಲಿನಕ್ಸ್ ಯೋಜನೆಯ ಹಳೆಯ ಪದ್ಧತಿಯಲ್ಲಿ ಎಲ್ಲ ಮಕ್ಕಳ ಕೆಲಸವೂ ಸರ್ವರಿನ ಪ್ರೊಸೆಸರ್ ಮೇಲೇ ಬೀಳುತ್ತಿತ್ತು. 2019ರಲ್ಲಿ ಹೊಸದಾಗಿ ಬರೆದ ಆವೃತ್ತಿಯಲ್ಲಿ ಲೆಕ್ಕಾಚಾರವೆಲ್ಲ ಮಕ್ಕಳ ಮುಂದಿನ ಯಂತ್ರದಲ್ಲೇ ನಡೆಯುತ್ತದೆ. ಸರ್ವರ್ ಅವನ್ನು ಬೂಟ್ ಮಾಡಿಸಿ ಕಡತಗಳನ್ನು ಒದಗಿಸಿದರಾಯಿತು.

ದೊಡ್ಡ ಸರ್ವರ್ ಬೇಡವೆನ್ನಲು ಇದಕ್ಕಿಂತ ಬಲವಾದ ಕಾರಣ ರಿಪೇರಿಯದು. ಡೆಸ್ಕ್‌ಟಾಪಿನ ಪವರ್ ಸಪ್ಲೈ ಸುಟ್ಟರೆ ಸಿಕಂದರಾಬಾದಿನ ಪಾರ್ಕ್ ಲೇನ್‌ನಲ್ಲಿರುವ ಚೆನಾಯ್ ಟ್ರೇಡ್ ಸೆಂಟರ್‌ಗೆ ಹೋಗಿ ಸಂಜೆಯೊಳಗೆ ಹೊಸದನ್ನು ತಂದು ಕೂರಿಸಬಹುದು. ಬ್ರ್ಯಾಂಡೆಡ್ ಸರ್ವರಿನ ಪವರ್ ಸಪ್ಲೈ ಸಾಮಾನ್ಯವಾಗಿ ಅದೇ ಕಂಪನಿಯ ಕೆಲವೇ ಮಾದರಿಗಳಿಗೆ ಹೊಂದುವಂಥದ್ದು. ಹತ್ತು ವರ್ಷದ ಮಾದರಿಗೆ ಅದನ್ನು ಹುಡುಕುವುದೇ ಒಂದು ಉದ್ಯೋಗ. ಒಂದೇ ಕಡತವನ್ನು ಎರಡು ಡಿಸ್ಕ್‌ಗಳಲ್ಲೂ ಬರೆದಿಡುವ ರೇಡ್ ಕಾರ್ಡ್ ಸತ್ತರಂತೂ ಡಿಸ್ಕ್‌ಗಳು ನೆಟ್ಟಗಿದ್ದರೂ ಬೇರೆ ಯಂತ್ರಕ್ಕೆ ಹಾಕಿ ಓದುವುದು ಸುಲಭವಲ್ಲ. ಲಿನಕ್ಸ್‌ನ ತಂತ್ರಾಂಶ ರೇಡ್‌ನಲ್ಲಿ ಈ ತಲೆನೋವಿಲ್ಲ, ಬೇರೊಂದು ಲಿನಕ್ಸ್ ಯಂತ್ರಕ್ಕೆ ಸಿಕ್ಕಿಸಿದರೆ ಕಡತಗಳು ಕಾಣಿಸುತ್ತವೆ.

ತಿಳಿದವರು ಇಸಿಸಿ ಮೆಮೊರಿಯ ಮಾತೆತ್ತುತ್ತಾರೆ. ಬಿಟ್ ತಪ್ಪನ್ನು ತಾನೇ ತಿದ್ದಿಕೊಳ್ಳುವ ಆ ಮೆಮೊರಿ ನಿಜಕ್ಕೂ ಮೇಲು; ಬ್ಯಾಂಕಿನ ಸರ್ವರಾಗಿದ್ದರೆ ನಾನೂ ಹಟ ಹಿಡಿಯುತ್ತಿದ್ದೆ. ಶಾಲೆಗೆ ಅದೇ ಹಣದಲ್ಲಿ ಅದೇ ಬಗೆಯ ಎರಡನೇ ಡೆಸ್ಕ್‌ಟಾಪ್ ಬಂದು, ಪ್ರತಿ ರಾತ್ರಿ ಬ್ಯಾಕಪ್ ತೆಗೆದುಕೊಳ್ಳುತ್ತಾ ನಿಂತರೆ ಲಾಭ ಹೆಚ್ಚು. (ರೇಡ್ ಇದೆ, ಬ್ಯಾಕಪ್ ಏಕೆ ಎನ್ನುವವರಿಗೆ: ತಪ್ಪಾಗಿ ಅಳಿಸಿದ ಕಡತವನ್ನು ರೇಡ್ ಎರಡೂ ಡಿಸ್ಕ್‌ಗಳಿಂದ ಶ್ರದ್ಧೆಯಿಂದ ಅಳಿಸುತ್ತದೆ.) ಇನ್ನು ಕೆಲವರ ಕಣ್ಣು ಕಂಪನಿಗಳು ವಿಲೇವಾರಿ ಮಾಡಿದ ರೀಫರ್ಬಿಷ್ಡ್ ರ‍್ಯಾಕ್ ಸರ್ವರುಗಳ ಮೇಲೆ. ಅಗ್ಗವೇನೋ ಹೌದು. ಆದರೆ ಅದರ ಪುಟ್ಟ ಫ್ಯಾನುಗಳ ಕೂಗಿನ ಎದುರು ಮೇಷ್ಟ್ರು ಪಾಠ ಮಾಡಲಾರರು, ಹಗಲೂ ರಾತ್ರಿ 150 ವಾಟ್ ಎಳೆದರೆ ವರ್ಷಕ್ಕೆ 1,300 ಯೂನಿಟ್ ಮೀಟರಿಗೆ ಬೀಳುತ್ತದೆ.

ಸರ್ವರೇ ಬೇಡ, ಎಲ್ಲ ಕ್ಲೌಡ್‌ಗೆ ಹೋಗಲಿ ಎಂಬ ವಾದವೂ ಇದೆ. ಹಾಜರಿ, ಫೀಸಿನ ಲೆಕ್ಕಕ್ಕೆ ಆಗಬಹುದು. ಪಾಠಕ್ಕೆ ಲೆಕ್ಕ ಹಾಕಿ ನೋಡಿ: ಮೂವತ್ತು ಯಂತ್ರಗಳು ತಲಾ 500 ಎಂಬಿ ಇಳಿಸಿಕೊಂಡರೆ 15 ಜಿಬಿ. 100 ಎಂಬಿಪಿಎಸ್ ಸಂಪರ್ಕ ಪೂರ್ತಿ ವೇಗದಲ್ಲಿ ಓಡಿದರೂ ಇಪ್ಪತ್ತು ನಿಮಿಷ, ಅಂದರೆ ಹೆಚ್ಚುಕಡಿಮೆ ಅರ್ಧ ಪೀರಿಯಡ್. ಕೋಣೆಯೊಳಗಿನ ಗಿಗಾಬಿಟ್ ಸ್ವಿಚ್‌ನಲ್ಲಿ ಎರಡೇ ನಿಮಿಷ. ಇಂಟರ್ನೆಟ್ ಹೋಗಿದ್ದರೂ ಸರಿಯೆ.

ಹೊಸದು ಬಂದ ಕೂಡಲೇ ಹಳೆಯದನ್ನು ಗುಜರಿಗೆ ಹಾಕಬೇಡಿ. ದಸರಾ ರಜೆಯಲ್ಲಿ ಬದಲಾವಣೆ ಮಾಡಿದರೆ ಬೇಸಿಗೆ ರಜೆಯವರೆಗೆ ಅದು ಪ್ಲಗ್ ಕಿತ್ತು ಮೂಲೆಯಲ್ಲಿರಲಿ, ಮರೆತುಹೋದ ಫೋಲ್ಡರೊಂದು ಬೇಕಾದೀತು. ಆಮೇಲೆ ಮಕ್ಕಳ ಅಂಕ, ವಿಳಾಸಗಳಿರುವ ಡಿಸ್ಕ್‌ಗಳನ್ನು ಕಳಚಿ, ಪೂರ್ತಿ ಅಳಿಸಿ, ಉಳಿದದ್ದನ್ನು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಡಿ ನೋಂದಾಯಿತರಾದ ಮರುಬಳಕೆದಾರರಿಗೇ ಕೊಟ್ಟು ರಸೀದಿ ಪಡೆಯಿರಿ.