ಉಪನ್ಯಾಸದ ವೇದಿಕೆಯೂ ಊರಿನ ಶಾಸನವೂ

ಮುಂಬಯಿಯ ಕನ್ನಡಿಗರಿಗೆ ಉಪನ್ಯಾಸವೆಂಬುದು ಹೊಸ ವಸ್ತುವಲ್ಲ. 1926ರಲ್ಲಿ ಮೈಸೂರು ಅಸೋಸಿಯೇಷನ್ನೂ 1933ರಲ್ಲಿ ಕರ್ನಾಟಕ ಸಂಘವೂ ಹುಟ್ಟಿದ ಈ ನಗರದಲ್ಲಿ, ನಾಡಿನ ವಿದ್ವಾಂಸರನ್ನು ಬರಮಾಡಿಕೊಂಡು ಅವರ ಮಾತನ್ನು ಆದರದಿಂದ ಕೇಳುವುದು ಸಂಘಜೀವನದ ಒಂದು ಅಂಗವೇ ಆಗಿದೆ. ಆದರೆ ಗ್ರಂಥವನ್ನು ವಿಮರ್ಶಿಸುವ ನಾವು ಉಪನ್ಯಾಸವನ್ನು ವಿಮರ್ಶಿಸುವುದಿಲ್ಲ. ವಂದನಾರ್ಪಣೆಯೊಂದಿಗೆ ಅದರ ಆಯುಸ್ಸು ಮುಗಿದುಹೋಗುತ್ತದೆ. ಮಧ್ಯಯುಗದ ಇತಿಹಾಸವನ್ನು ಕುರಿತು ನಮ್ಮ ಸಭೆಗಳಲ್ಲಿ ನಡೆಯುವ ಭಾಷಣಗಳನ್ನು ಒಮ್ಮೆಯಾದರೂ ತೂಗಿ ನೋಡಬೇಕೆಂಬುದೇ ಈ ಲೇಖನದ ಉದ್ದೇಶ.

ಇಂತಹ ಭಾಷಣಗಳಿಗೆ ಒಂದು ಸಿದ್ಧವಾದ ಮಾರ್ಗವುಂಟು. ನರ್ಮದೆಯ ದಡದಲ್ಲಿ ಹರ್ಷನನ್ನು ತಡೆದ ಪುಲಕೇಶಿಯಿಂದ ಹೊರಟು, ಮಾನ್ಯಖೇಟದ ಅಮೋಘವರ್ಷನನ್ನೂ ಕಲ್ಯಾಣದ ವಿಕ್ರಮಾದಿತ್ಯನನ್ನೂ ಕಂಡು, 1565ರಲ್ಲಿ ವಿಜಯನಗರದ ಪತನದೊಡನೆ ಅದು ನಿಟ್ಟುಸಿರಿನಲ್ಲಿ ಕೊನೆಗೊಳ್ಳುತ್ತದೆ. ನಡುವೆ, ಕಾವೇರಿಯನ್ನೂ ಗೋದಾವರಿಯನ್ನೂ ಹೆಸರಿಸುವ ಕವಿರಾಜಮಾರ್ಗದ ಪದ್ಯವೊಂದು ಭೂಮಾಪನ ಇಲಾಖೆಯ ನಕ್ಷೆಯಂತೆ ಉಪಯೋಗವಾಗುತ್ತದೆ. ಇದನ್ನು ಹಾಸ್ಯಮಾಡಲು ಹೇಳುತ್ತಿಲ್ಲ. ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಹೊರತಂದಾಗ ಕನ್ನಡನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು. ಹಿಂದಿನ ಹಿರಿಮೆಯನ್ನು ನೆನೆಯಿಸುವುದೇ ಅಂದು ಕಾರ್ಯಕ್ಕೆ ಪ್ರೇರಣೆಯಾಗಿತ್ತು. 1956ರಲ್ಲಿ ನಾಡು ಒಂದಾದ ಮೇಲೆ ಆ ಕಾರ್ಯ ಬಹುಮಟ್ಟಿಗೆ ನೆರವೇರಿತು. ಕಾರ್ಯ ಮುಗಿದರೂ ರೀತಿ ಮಾತ್ರ ಉಳಿದಿದೆ. ದೂರದ ಊರಿನಲ್ಲಿ ದುಡಿದು ದಣಿದವನಿಗೆ ಅದು ಸಮಾಧಾನವನ್ನೀಯಬಹುದು, ತಿಳಿವನ್ನು ಈಯಲಾರದು.

ಹೀಗೆ ದೂರದ ಹಂಪೆಯನ್ನು ಕಣ್ಣಿಗೆ ತರುವ ಭಾಷಣವು ನಾವು ನೆಲೆಸಿರುವ ನೆಲವನ್ನೇ ಮರೆಯಿಸುತ್ತದೆ. ಬೊರಿವಲಿಯ ಕಾನನದೊಳಗಿನ ಕಾನ್ಹೇರಿ ಗುಹೆಗಳಲ್ಲಿ ಶಕ 799ರ, ಎಂದರೆ ಕ್ರಿ. ಶ. 877ರ, ಒಂದು ಶಾಸನವಿದೆ. ಅದು ಅಮೋಘವರ್ಷನ ಕಾಲದ್ದು. ಅವನ ಅಧೀನದಲ್ಲಿ ಕೊಂಕಣವನ್ನು ಆಳುತ್ತಿದ್ದವನು ಶಿಲಾಹಾರ ವಂಶದ ಕಪರ್ದಿ. ಇದೇ ಕಪರ್ದಿಯ ಕಾಲದ ಇನ್ನೊಂದು ಶಾಸನದಲ್ಲಿ, ಗೌಡದೇಶದಿಂದ ಬಂದ ಅವಿಘ್ನಾಕರನೆಂಬ ಬೌದ್ಧನು ಇಲ್ಲಿಯ ಭಿಕ್ಷುಗಳಿಗಾಗಿ ನೂರು ದ್ರಮ್ಮಗಳನ್ನು ದತ್ತಿಯಾಗಿ ಇಟ್ಟುದನ್ನು ಕಾಣುತ್ತೇವೆ. ಕವಿರಾಜಮಾರ್ಗವು ಹುಟ್ಟಿದ ಕಾಲದಲ್ಲಿಯೇ, ಅದೇ ಅರಸನ ಹೆಸರಿನ ನೆರಳಿನಲ್ಲಿ, ಬಂಗಾಳದ ಕಡೆಯ ಒಬ್ಬ ಪರದೇಶಿ ಈ ದ್ವೀಪದಲ್ಲಿ ದತ್ತಿಯನ್ನಿಟ್ಟನು. ವಲಸೆ ಬಂದವರಿಗೆ ಇದಕ್ಕಿಂತ ಹತ್ತಿರದ ಇತಿಹಾಸ ಇನ್ನಾವುದಿದ್ದೀತು?

ಇನ್ನೂ ವಿಚಾರಣೀಯವಾದುದು ಭಾಂಡೂಪದಲ್ಲಿ ದೊರೆತ ತಾಮ್ರಶಾಸನ. ಅದು ಶಿಲಾಹಾರ ಛಿತ್ತರಾಜನದು. ಕಾಲ ಶಕ 948, ಕ್ರಿ. ಶ. 1026. ಷಟ್ಷಷ್ಟಿ, ಎಂದರೆ ಇಂದಿನ ಸಾಷ್ಟಿ, ವಿಷಯದ ನೌರ ಎಂಬ ಗ್ರಾಮದಲ್ಲಿ ಭೂಮಿಯನ್ನು ದಾನಮಾಡಿದ ದಾಖಲೆ ಅದು. ಅಲ್ಲಿ ಹೆಸರಿಸಿದ ಅಧಿಕಾರಿಗಳಲ್ಲಿ ಒಬ್ಬನು ನಾಗಣೈಯ, ಸಂಧಿವಿಗ್ರಹಿಯಾದ ಇನ್ನೊಬ್ಬನು ಸೀಹಪೈಯ. ಕೊನೆಯ ‘ಅಯ್ಯ’ ನಮ್ಮ ಕಿವಿಗೆ ಪರಿಚಿತವಾದುದೇ. ಇದೇ ವಂಶದ ಅಪರಾಜಿತನಿಗೆ ‘ಬಿರುದಂಕರಾಮ’ನೆಂಬ ಬಿರುದಿತ್ತು. ಇಷ್ಟನ್ನು ಕೇಳಿದ ಸಭೆ ಕರತಾಡನ ಮಾಡುವುದು ಸಹಜ. ‘ಮುಂಬಯಿಯೂ ಒಮ್ಮೆ ನಮ್ಮದೇ’ ಎಂಬ ವಾಕ್ಯ ಭಾಷಣಕಾರನ ತುದಿನಾಲಗೆಯಲ್ಲಿ ಸಿದ್ಧವಾಗಿರುತ್ತದೆ.

ಆದರೆ ಅದೇ ತಾಮ್ರಪಟದ ಮುಂದಿನ ಹೆಸರನ್ನು ಓದಬೇಕು. ಅಲ್ಲಿ ಕಪರ್ದಿಯೆಂಬ ಬೇರೊಬ್ಬ ಅಧಿಕಾರಿಯುಂಟು. ಅವನ ಪದವಿ ‘ಕರ್ಣಾಟ ಸಾಂಧಿವಿಗ್ರಹಿಕ’: ಕರ್ಣಾಟದೊಡನೆ ಸಂಧಿ ವಿಗ್ರಹಗಳ ವ್ಯವಹಾರವನ್ನು ನೋಡಿಕೊಳ್ಳುವವನು. ತನ್ನೊಡನೆ ತಾನೇ ಯಾರೂ ಸಂಧಿ ಮಾಡಿಕೊಳ್ಳುವುದಿಲ್ಲ. 1024ರ ಮೀರಜ ತಾಮ್ರಶಾಸನವು, ಚಾಲುಕ್ಯ ಜಯಸಿಂಹನು ಸಪ್ತಕೊಂಕಣಗಳ ಒಡೆಯರ ಸರ್ವಸ್ವವನ್ನು ಸೆಳೆದುಕೊಂಡನೆಂದು ಹೇಳುತ್ತದೆ. ಅದಾದ ಎರಡೇ ವರುಷಕ್ಕೆ ಠಾಣೆಯ ಆಸ್ಥಾನದಲ್ಲಿ ಇಂಥದೊಂದು ಅಧಿಕಾರ ಕಾಣುವುದು ಅರ್ಥಪೂರ್ಣವಾಗಿದೆ. ಅಧಿಕಾರಿಗಳ ಹೆಸರಿನಲ್ಲಿ ಕನ್ನಡದ ಛಾಯೆಯುಂಟು, ಕರ್ಣಾಟವು ಮಾತ್ರ ಎದುರಿಗಿರುವ ಪರರಾಜ್ಯ. ಈ ಎರಡನ್ನೂ ಕೂಡಿಸಿ ಓದಿದರೆ ಇತಿಹಾಸ. ಮೊದಲನೆಯದನ್ನು ಮಾತ್ರ ಓದಿದರೆ ಉತ್ಸವ. ಶಿಲಾಹಾರರು ತಮ್ಮ ಮೂಲಸ್ಥಾನವೆಂದು ಹೇಳಿಕೊಂಡ ತಗರಪುರವು ಇಂದಿನ ಧಾರಾಶಿವ ಜಿಲ್ಲೆಯ ತೇರ. ಅವರೂ ಘಟ್ಟವಿಳಿದು ಬಂದವರು. ಬಂದ ನೆಲದವರಾದ ಮೇಲೆ ಹಿಂದಣ ಬಿರುದನ್ನು ಬಿಡಲಿಲ್ಲ. ಬಿರುದಿನ ಬಲದಿಂದ ಹಿಂದಣ ನಾಡನ್ನು ಇಲ್ಲಿಗೆ ಎಳೆದು ತರಲೂ ಇಲ್ಲ.

ಭಾಷೆಯ ಹೆಸರಿನಲ್ಲಿ ಗಡಿಯ ವಾದ ಇನ್ನೂ ಆರದ ಈ ಭಾಗದಲ್ಲಿ ಇಂತಹ ವಿವೇಕ ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ವೇದಿಕೆಯ ಮೇಲಿಂದ ಅಜಾಗರೂಕತೆಯಿಂದ ಆಡಿದ ಒಂದು ಮಾತು, ನೆರೆಯವನೊಡನೆ ನಾವು ಕೂಡಿ ಓದಬಹುದಾಗಿದ್ದ ಶಾಸನವನ್ನು ಹಕ್ಕುಪತ್ರವನ್ನಾಗಿ ಮಾರ್ಪಡಿಸಬಲ್ಲದು.

ಈ ನಗರದಲ್ಲಿ ಇನ್ನೊಂದು ಬಗೆಯ ಕಾರ್ಯವೂ ನಡೆದಿದೆ. 1804ರಲ್ಲಿ ಆರಂಭವಾದ ವಿದ್ವತ್ಸಂಸ್ಥೆಯೇ ಮುಂದೆ ಏಷಿಯಾಟಿಕ್ ಸೊಸೈಟಿಯಾಗಿ ಬೆಳೆದು ಟೌನ್ ಹಾಲಿನಲ್ಲಿ ನೆಲೆಸಿತು. ನಮ್ಮ ಕಾಲದಲ್ಲಿ, 2015ರಿಂದೀಚೆಗೆ, ಮುಂಬಯಿ ವಿಶ್ವವಿದ್ಯಾಲಯದ ಬಹಿಶ್ಶಾಲ ಅಧ್ಯಯನ ಕೇಂದ್ರ, ವಿಲೇಪಾರ್ಲೆಯ ಸಾಠೇ ಕಾಲೇಜು, ಇನ್‌ಸ್ಟುಸೆನ್ ವಿಶ್ವಸ್ತ ಸಂಸ್ಥೆ ಇವು ಕೂಡಿ ಸಾಷ್ಟಿಯ ಪರಿಶೋಧನೆಯನ್ನು ಕೈಕೊಂಡುವು. ಇಲ್ಲಿ ಕೇಳುಗನು ಕುರ್ಚಿಯನ್ನು ಬಿಟ್ಟು ನಡೆಯಬೇಕಾಗುತ್ತದೆ. ನಡೆದವನಿಗೆ ಬೊರಿವಲಿಯ ಎಕ್ಸಾರದಲ್ಲಿ ಹಡಗುಗಳ ಕಾಳಗವನ್ನು ಕೆತ್ತಿದ ವೀರಗಲ್ಲುಗಳು ಕಾಣುತ್ತವೆ. ಮಲೆನಾಡಿನ ತುರುಗೋಳಿನ ಕಲ್ಲುಗಳನ್ನೇ ಕಂಡ ನಮಗೆ ಸಾಲುಹುಟ್ಟುಗಳ ಆ ಹಡಗುಗಳು ಹೊಸ ನೋಟ. ಮರಾಠಿಯಲ್ಲಿ ಅವುಗಳಿಗೆ ‘ವೀರಗಳ’ ಎಂದೇ ಹೆಸರು. ನಮ್ಮ ‘ಕಲ್ಲು’ ಆ ಮಾತಿನ ಕೊನೆಯಲ್ಲಿ ಸದ್ದಿಲ್ಲದೆ ಕುಳಿತಿದೆ.

ಆದಕಾರಣ ನಮ್ಮ ಸಂಘಗಳಿಗೆ ಒಂದು ಸೂಚನೆ. ವರ್ಷದ ಉಪನ್ಯಾಸಗಳಲ್ಲಿ ಒಂದನ್ನಾದರೂ ಈ ನೆಲದ ಒಂದೇ ಶಾಸನಕ್ಕೆ ಮೀಸಲಿಡಲಿ. ಮೂಲದ ಅಚ್ಚು ಕೇಳುಗರ ಕೈಯಲ್ಲಿರಲಿ. ಭಾಷಣಕಾರನು ಶಾಸನ ಹೇಳಿದುದೆಷ್ಟು, ವಿದ್ವಾಂಸರು ಊಹಿಸಿದುದೆಷ್ಟು, ತಾನು ಕೂಡಿಸಿದುದೆಷ್ಟು ಎಂಬುದನ್ನು ಬೇರ್ಪಡಿಸಿ ತಿಳಿಸಲಿ. ಪ್ರಶ್ನೆಗೆ ಭಾಷಣದಷ್ಟೇ ಕಾಲ ದೊರೆಯಲಿ. ಮರುವಾರ ಆ ಸ್ಥಳಕ್ಕೆ ಎಲ್ಲರೂ ಹೋಗಿಬರಲಿ. ಭಾಂಡೂಪದ ಪಟದಲ್ಲಿ ಲಿಪಿ ನಾಗರಿ, ಭಾಷೆ ಸಂಸ್ಕೃತ, ಹೆಸರುಗಳಲ್ಲಿ ಕನ್ನಡದ ಛಾಯೆ, ಸ್ಥಳದ ನೆನಪು ಮರಾಠಿಯದು. ಒಬ್ಬನೇ ಕುಳಿತು ಅದನ್ನು ಪೂರ್ಣವಾಗಿ ಓದಲಾರನು. ನೆರೆಯ ಮರಾಠಿ ವಿದ್ವಾಂಸನನ್ನು ನಮ್ಮ ಸಭೆಗೆ ಕರೆಯಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಅಂತಹ ಸಭೆಯಲ್ಲಿ ಕರತಾಡನ ಕಡಮೆಯಾಗಬಹುದು. ಆದರೆ ಮನೆಗೆ ಮರಳುವಾಗ ಭಾಂಡೂಪ ನಿಲ್ದಾಣದಲ್ಲಿ ಗಾಡಿ ನಿಂತರೆ, ಆ ಹೆಸರು ನಮಗೆ ಬರಿಯ ನಿಲ್ದಾಣದ ಹೆಸರಾಗಿ ಕೇಳಿಸದು.