ರುಜು ಅಂದರೆ ಋಜು ಅಲ್ಲ

‘ರುಜು’ ಸಂಸ್ಕೃತದ ‘ಋಜು’ವಿನಿಂದ ಬಂದದ್ದು, ಋಜು ಅಂದರೆ ನೇರ, ಪ್ರಾಮಾಣಿಕ, ಹಾಗಾಗಿ ರುಜು ಹಾಕೋದು ಅಂದರೆ ನಮ್ಮ ಪ್ರಾಮಾಣಿಕತೆಯನ್ನೇ ಕಾಗದದ ಮೇಲೆ ಇಡೋದು. ಈ ವಿವರಣೆ ನೀವೂ ಕೇಳಿರ್ತೀರಿ. ಇದನ್ನು ನಂಬಿ ಫಾರಂನಲ್ಲೂ ‘ಋಜು’ ಅಂತಲೇ ಬರೆಯುವವರಿದ್ದಾರೆ. ಕೇಳೋಕೇನೋ ಚೆನ್ನಾಗಿದೆ. ಆದರೆ ಪದಕ್ಕೆ ಇದರಿಂದ ಅನ್ಯಾಯ ಆಗುತ್ತೆ ಅನ್ನೋದು ನನ್ನ ತಕರಾರು.

ಒಂದು ಪದ ಯಾರ ಜೊತೆ ಓಡಾಡುತ್ತೆ ಅಂತ ನೋಡಿದರೆ ಅದರ ಊರು ಅರ್ಧ ಗೊತ್ತಾಗುತ್ತೆ. ರುಜುವಿನ ಅಕ್ಕಪಕ್ಕ ಇರುವವರು ಯಾರು? ಬಾಕಿ, ವಸೂಲಿ, ಜಮಾ, ಕರಾರು, ಜಾಮೀನು. ಎಲ್ಲ ಅರಬ್ಬೀ ಮೂಲದವರು, ಪಾರ್ಸಿ ದಫ್ತರಗಳ ಮೂಲಕ, ಆದಿಲ್‌ಶಾಹಿ, ಮರಾಠರು, ಹೈದರ್-ಟಿಪ್ಪು ಕಾಲದ ಆಡಳಿತದ ಜೊತೆಗೆ ನಮ್ಮ ಕಡತಗಳಿಗೆ ಬಂದವರು. ‘ಸಹಿ’ ಕೂಡ ಅಲ್ಲಿಂದಲೇ: ಅರಬ್ಬೀಯ ಸಹೀಹ್, ಅಂದರೆ ಸರಿಯಾದದ್ದು. ‘ದಸ್ಕತ್ತು’ ಪಾರ್ಸಿಯ ದಸ್ತ್-ಖತ್, ಕೈಬರಹ. ರುಜುವಿನ ಹಿಂದಿರುವುದು ಅರಬ್ಬೀಯ ‘ರುಜೂಅ್’, ಹಿಂತಿರುಗುವುದು. ಮರಾಠಿಯಲ್ಲಿ ಇವತ್ತಿಗೂ ಕೆಲಸಕ್ಕೆ ಹಾಜರಾದರೆ ‘ರುಜೂ ಝಾಲಾ’ ಅನ್ನುತ್ತಾರೆ. ಅದೇ ಮರಾಠಿಯ ಹಳೆಯ ಲೆಕ್ಕಪತ್ರದ ಭಾಷೆಯಲ್ಲಿ ರುಜುವಾತ ಅಂದರೆ ಲೆಕ್ಕವನ್ನು ಮೂಲದೊಂದಿಗೆ ತಾಳೆ ನೋಡುವುದು. ನಮ್ಮ ‘ರುಜುವಾತು’ ಇದೇ. ಸಂಸ್ಕೃತದ ಋಜುವಿಗೆ ‘ವಾತು’ ಅನ್ನೋ ಬಾಲ ಎಲ್ಲಿಂದ ಬರಬೇಕು ಹೇಳಿ?

ಹಿಂತಿರುಗುವುದು ಹೇಗೆ ಸಹಿಯಾಯಿತು? ನನಗೆ ಕಾಣೋದು ಇಷ್ಟು: ಗುಮಾಸ್ತ ಬರೆದದ್ದನ್ನು ಇನ್ನೊಬ್ಬ ಮೂಲಕ್ಕೆ ವಾಪಸ್ ಹೋಗಿ ಹೋಲಿಸಿ, ಸರಿ ಇದೆ ಅಂತ ಗುರುತು ಹಾಕುತ್ತಿದ್ದ. ತಾಳೆ ನೋಡುವ ಕೆಲಸದ ಹೆಸರೇ ಕೊನೆಗೆ ಆ ಗುರುತಿಗೂ ಅಂಟಿಕೊಂಡಿತು.

ಹಾಗಂತ ಮೊದಲು ಕನ್ನಡದಲ್ಲಿ ಪದವೇ ಇರಲಿಲ್ಲ ಅಂತಲ್ಲ. ಶಾಸನಗಳಲ್ಲಿ ‘ಒಪ್ಪ’ ಇದೆ, ಒಪ್ಪುವುದರಿಂದ ಬಂದದ್ದು. ವಿಜಯನಗರದ ಅರಸರ ತಾಮ್ರಶಾಸನಗಳಂತೂ ಮಜಾ: ಇಡೀ ಶಾಸನ ಸಂಸ್ಕೃತದಲ್ಲಿ, ನಂದಿನಾಗರಿ ಲಿಪಿಯಲ್ಲಿ, ಕೊನೆಗೆ ಅರಸನ ಒಪ್ಪವಾಗಿ ‘ಶ್ರೀ ವಿರೂಪಾಕ್ಷ’ ಮಾತ್ರ ಕನ್ನಡ ಅಕ್ಷರದಲ್ಲಿ. ಅಲ್ಲಿ ಅರಸ ಬರೆಯೋದು ತನ್ನ ಹೆಸರನ್ನಲ್ಲ, ದೇವರ ಹೆಸರನ್ನು. ವಚನಕಾರರ ಅಂಕಿತವೂ ಹಾಗೇ. ಆ ‘ಅಂಕಿತ’ ಈಗ ರಾಜ್ಯಪಾಲರ ಪಾಲಾಗಿದೆ. ಮಸೂದೆಗೆ ಅಂಕಿತ ಬೀಳುತ್ತೆ, ನಮ್ಮ ಚೆಕ್ಕಿಗೆ ಬೀಳಲ್ಲ.

ಇದೆಲ್ಲ ಪದಕೋಶದ ಜಗಳ ಮಾತ್ರ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಋಜು ಅಂದಾಗ ಹೊಣೆಯೆಲ್ಲ ಕೈ ಹಾಕಿದವನ ಮೇಲೆ ಬೀಳುತ್ತೆ: ನೀನು ಪ್ರಾಮಾಣಿಕ ಆಗಿರಬೇಕು, ಮಾತಿಗೆ ತಪ್ಪಬಾರದು. ರುಜು ಅಂದಾಗ ಪ್ರಶ್ನೆ ಬೇರೆ: ಈ ಕಾಗದವನ್ನು ತಾಳೆ ನೋಡಿದವರು ಯಾರು?

ಡಿಜಿಟಲ್ ಸಿಗ್ನೇಚರನ್ನೇ ತಗೊಳ್ಳಿ. 2000ದ ಐಟಿ ಕಾಯ್ದೆ ಅದಕ್ಕೆ ಕಾನೂನಿನ ಬೆಲೆ ಕೊಟ್ಟಿತು. ಕಡತದಿಂದ ಒಂದು ಹ್ಯಾಶ್ ತೆಗೀತಾರೆ, ಸಹಿ ಮಾಡುವವರ ಪ್ರೈವೇಟ್ ಕೀ ಬಳಸಿ ಸಹಿ ತಯಾರಾಗುತ್ತೆ. ಪಡೆದವರು ತಾವೂ ಹ್ಯಾಶ್ ತೆಗೆದು ಪಬ್ಲಿಕ್ ಕೀ ಹಿಡಿದು ಹೋಲಿಸುತ್ತಾರೆ. ಕಡತದಲ್ಲಿ ಒಂದು ಅಕ್ಷರ ಬದಲಾಗಿದ್ದರೂ ತಾಳೆ ಆಗಲ್ಲ. ಅಂದರೆ ಹಳೆಯ ಗುಮಾಸ್ತನ ರುಜುವಾತೇ ಇದು! ಆದರೆ ಮಷೀನು ತಾಳೆ ನೋಡೋದು ಕಡತವನ್ನು ಕಡತದೊಂದಿಗೆ. ಆಧಾರ್ ಇ-ಸೈನ್‌ನಲ್ಲಿ ಒಟಿಪಿ ಒತ್ತಿದ ಮನುಷ್ಯನಿಗೆ ಬಡ್ಡಿಯ ಷರತ್ತು ಅರ್ಥ ಆಗಿತ್ತಾ ಅನ್ನೋದನ್ನು ಯಾವ ಹ್ಯಾಶೂ ಹೇಳಲ್ಲ.

ಇನ್ನು ಸಾಲದ, ವಿಮೆಯ ಫಾರಂಗಳಲ್ಲಿ ‘ವರ್ನಾಕ್ಯುಲರ್ ಡಿಕ್ಲರೇಷನ್’ ಅಂತ ಒಂದು ಚೌಕ ಇರುತ್ತೆ. ಕನ್ನಡದಲ್ಲಿ ಸಹಿ ಮಾಡುವವರಿಗೂ ಹೆಬ್ಬೆಟ್ಟು ಒತ್ತುವವರಿಗೂ ಅನೇಕ ಕಡೆ ಅದೇ ಚೌಕ. (ವರ್ನಾ ಅಂದರೆ ಲ್ಯಾಟಿನ್‌ನಲ್ಲಿ ಯಜಮಾನನ ಮನೆಯಲ್ಲೇ ಹುಟ್ಟಿದ ಗುಲಾಮ. ಪದಕ್ಕೆ ನೆನಪು ಜಾಸ್ತಿ.) ಊರಲ್ಲಿ ‘ಹೆಬ್ಬೆಟ್ಟು’ ಅನ್ನೋದು ಬೈಗುಳ, ನಿಜ, ಆದರೆ ಕಾನೂನಿಗೆ ಆ ಕೀಳರಿಮೆ ಇಲ್ಲ. ಬರೆಯಲಾಗದವರ ಗುರುತೂ ಸಹಿಯೇ ಎನ್ನುತ್ತೆ 1897ರ ಜನರಲ್ ಕ್ಲಾಸಸ್ ಕಾಯ್ದೆ. ಇಂಗ್ಲಿಷ್ ಅಧಿಕಾರಿ ವಿಲಿಯಂ ಹರ್ಷೆಲ್ 1858ರಲ್ಲಿ ಬಂಗಾಳದ ಒಬ್ಬ ಗುತ್ತಿಗೆದಾರನ ಅಂಗೈ ಅಚ್ಚನ್ನು ಕರಾರಿನ ಮೇಲೆ ಒತ್ತಿಸಿಕೊಂಡದ್ದು, ಆಮೇಲೆ ಆತ ಸಹಿ ತನ್ನದಲ್ಲ ಅನ್ನದಿರಲಿ ಅಂತ. ಅಚ್ಚು ಸಹಿಗಿಂತ ಗಟ್ಟಿ ಅಂತ ಆಗಲೇ ಅನ್ನಿಸಿತ್ತು. ಈಗ ರೇಷನ್ ಅಂಗಡಿಯಲ್ಲಿ ಬಿಎ ಓದಿದವರೂ ಬೆರಳು ಒತ್ತಲೇಬೇಕು.

ಕನ್ನಡದಲ್ಲಿ ಸಹಿ ಮಾಡಿದವರನ್ನು ಅನಕ್ಷರಸ್ಥರ ಸಾಲಿಗೆ ಸೇರಿಸುವ ಆ ಚೌಕ ಅವಮಾನವೇ, ಅದರಲ್ಲಿ ಎರಡು ಮಾತಿಲ್ಲ. ಕನ್ನಡ ಬಲ್ಲವರಿಗೆ ಕನ್ನಡದ ಫಾರಂ ಕೊಟ್ಟರೆ ಅದರ ಅಗತ್ಯವೇ ಬೀಳಲ್ಲ. ಆದರೆ ಚೌಕದಲ್ಲಿ ಬರೆದಿರೋದನ್ನು ಒಮ್ಮೆ ಓದಿ: ಇದರಲ್ಲಿರುವ ವಿಷಯವನ್ನು ಅರ್ಜಿದಾರರಿಗೆ ತಿಳಿಯುವ ಭಾಷೆಯಲ್ಲಿ ಓದಿ ವಿವರಿಸಿದ್ದೇನೆ ಅಂತ ಇನ್ನೊಬ್ಬರು ಕೈ ಹಾಕಬೇಕು. ಇಡೀ ಫಾರಂನಲ್ಲಿ ಹಳೆಯ ಅರ್ಥದ ರುಜು ಉಳಿದಿರೋದು ಅಲ್ಲೊಂದೇ ಕಡೆ. ಇಂಗ್ಲಿಷಿನಲ್ಲಿ ಸಹಿ ಗೀಚುವ ನಮಗೆ ಆ ಸವಲತ್ತೂ ಇಲ್ಲ. ಗೃಹಸಾಲದ ಕಡತದಲ್ಲಿ ಪೆನ್ಸಿಲ್ಲಿನಲ್ಲಿ ಹತ್ತಾರು ಕಡೆ ಇಂಟು ಗುರುತು ಹಾಕಿಟ್ಟಿರ್ತಾರೆ, ‘ಇಲ್ಲಿ ಸರ್, ಇಲ್ಲಿ, ಆಮೇಲೆ ಇಲ್ಲಿ’ ಅಂತ ಹುಡುಗ ಹಾಳೆ ಮಗುಚುತ್ತಾ ಹೋಗ್ತಾನೆ. ಫ್ಲೋಟಿಂಗ್ ರೇಟ್ ಯಾವ ಪುಟದಲ್ಲಿತ್ತು ಅಂತ ಅವನಿಗೂ ಗೊತ್ತಿರಲ್ಲ.