ಬಿಡುವಿನ ಗಡಿಯಾರ

ಟೆನಿಸ್‌ನಲ್ಲಿ ಆಟಕ್ಕೆ ಗಡಿಯಾರವಿಲ್ಲ, ಇರುವುದು ಬಿಡುವಿಗೆ. ಕಬಡ್ಡಿಯಲ್ಲಿ ರೈಡಿಗೆ 30 ಸೆಕೆಂಡ್ ಎಂದು ಆಡುವ ಹೊತ್ತನ್ನೇ ಅಳೆಯುತ್ತಾರೆ. ಟೆನಿಸ್ ಪಂದ್ಯ ಒಂದು ಗಂಟೆಗೇ ಮುಗಿದೀತು, ಐದು ಗಂಟೆಯಾದರೂ ಮುಗಿಯದೆ ಇದ್ದೀತು. ಅಲ್ಲಿ ಅಳತೆ ಶುರುವಾಗುವುದೇ ಚೆಂಡು ನಿಂತ ಮೇಲೆ: ಪಾಯಿಂಟುಗಳ ನಡುವೆ 25 ಸೆಕೆಂಡ್, ಬದಿ ಬದಲಿಸುವಾಗ 90, ಸೆಟ್ ಮುಗಿದರೆ 120. ಗೆರೆ ನೋಡುವ ಕೆಲಸವನ್ನು ಬಹುತೇಕ ದೊಡ್ಡ ಟೂರ್ನಿಗಳು ಯಂತ್ರಕ್ಕೊಪ್ಪಿಸಿರುವಾಗ ಅಂಪೈರ್ ಕೈಯಲ್ಲಿ ಉಳಿದ ನಿಜವಾದ ಅಧಿಕಾರ ಈ ಬಿಡುವಿನದು. ಅದನ್ನು ಆಟಗಾರನ ಮನಸ್ಸು ಓದಿ ಚಲಾಯಿಸಬಾರದು, ನಿಮಿಷ ನೋಡಿ ಚಲಾಯಿಸಬೇಕು.

2021ರ ಯುಎಸ್ ಓಪನ್ ಮೊದಲ ಸುತ್ತನ್ನೇ ನೋಡಿ. ನಾಲ್ಕನೇ ಸೆಟ್ ಗೆದ್ದ ಸಿಟ್ಸಿಪಾಸ್ ಶೌಚಾಲಯಕ್ಕೆಂದು ಹೋಗಿ ಸುಮಾರು 8 ನಿಮಿಷ ಬರಲಿಲ್ಲ. ಕಾದು ಮೈ ತಣ್ಣಗಾದ ಆ್ಯಂಡಿ ಮರ್ರೆ ಐದನೆಯದನ್ನು ಸೋತು ಸಿಡಿದೆದ್ದರು. ನಿಯಮ ಮುರಿದಿರಲಿಲ್ಲ, ಏಕೆಂದರೆ ನಿಯಮದಲ್ಲಿ ನಿಮಿಷವೇ ಇರಲಿಲ್ಲ. 2022ರಲ್ಲಿ ಪುರುಷರ ಟೂರ್ ನಡೆಸುವ ಎಟಿಪಿ ಪಂದ್ಯಕ್ಕೊಂದೇ ಸಲ, 3 ನಿಮಿಷ, ಬಟ್ಟೆ ಬದಲಿಸಲು ಇನ್ನೆರಡು ಎಂದು ಕಟ್ಟು ಹಾಕಿತು. ಹೊಟ್ಟೆನೋವಿಗೂ ಗಡಿಯಾರವೇ ಎಂದು ಕೇಳುವವರಿದ್ದಾರೆ. ಕೇಳಲಿ. ಸ್ನಾಯು ಸೆಳೆತದ ನಿಯಮ ಇದಕ್ಕೆ ಉತ್ತರ ಕೊಟ್ಟಾಗಿದೆ: ಸೆಳೆತಕ್ಕೆ ಪ್ರತ್ಯೇಕ ವೈದ್ಯಕೀಯ ಬಿಡುವಿಲ್ಲ, ಬದಿ ಬದಲಿಸುವಾಗ ಇಲ್ಲವೇ ಸೆಟ್ ಮುಗಿದಾಗಷ್ಟೇ ಚಿಕಿತ್ಸೆ. ಅಲ್ಲಿಯವರೆಗೆ ತಾಳಲಾರದವನು ನಡುವಿನ ಪಾಯಿಂಟುಗಳನ್ನು ಎದುರಾಳಿಗೆ ಬಿಟ್ಟುಕೊಟ್ಟು ಕುರ್ಚಿಗೆ ಹೋಗಬಹುದು. ನೋವು ನಿಜವೋ ನಟನೆಯೋ ಎಂದು ಯಾರೂ ತೀರ್ಪು ಕೊಡಬೇಕಿಲ್ಲ. ಬೆಲೆ ಗೊತ್ತು, ಬೇಕಾದವನು ತೆರುತ್ತಾನೆ. ಇಷ್ಟು ಚೊಕ್ಕ ನಿಯಮ ಬೇರೆ ಆಟಗಳಲ್ಲಿ ಅಪರೂಪ.

ಇದಕ್ಕಿಂತ ಗಟ್ಟಿ ಆಕ್ಷೇಪ ಮಳೆಯದು. 2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕೆಎಸ್‌ಎಲ್‌ಟಿಎ ಅಂಗಳದಲ್ಲಿ ಭಾರತ–ಸರ್ಬಿಯಾ ಡೇವಿಸ್ ಕಪ್ 2–2 ಆಗಿ, ನಿರ್ಣಾಯಕ ಪಂದ್ಯ ಭಾನುವಾರ ಮಳೆಗೆ ನಿಂತು ಸೋಮವಾರಕ್ಕೆ ಹೋಯಿತು. ಯೂಕಿ ಭಾಂಬ್ರಿ ಅವರು ಕ್ರಾಯಿನೊವಿಚ್‌ಗೆ ನೇರ ಸೆಟ್‌ಗಳಲ್ಲಿ ಸೋತರು. ಒಂದಿಡೀ ರಾತ್ರಿಯ ಬಿಡುವು ಇಬ್ಬರಿಗೂ ಒಂದೇ ಆಗಿರುತ್ತದೆಯೇ? ಇರುವುದಿಲ್ಲ. ಆದರೆ ನಿಯಮ ಲಾಭ ಯಾರಿಗೆಂದು ಲೆಕ್ಕ ಹಾಕಲು ಹೋಗುವುದಿಲ್ಲ. ಅದೇ ಸ್ಕೋರು, ಅದೇ ಸರ್ವರ್, ಅದೇ ಬದಿ ಎಂದು ನಿಂತಲ್ಲಿಂದಲೇ ಆಡಿಸುತ್ತದೆ. ಮತ್ತೆ ಆಡುವ ಮುನ್ನ ಮೈ ಬಿಸಿ ಮಾಡಿಕೊಳ್ಳುವ ಅಭ್ಯಾಸಕ್ಕೂ ಅಳತೆಯಿದೆ: ಕಾಲು ಗಂಟೆಯೊಳಗಿನ ನಿಲುಗಡೆಗೆ ಏನಿಲ್ಲ, ಅರ್ಧ ಗಂಟೆಯೊಳಗಾದರೆ 3 ನಿಮಿಷ, ಮೀರಿದರೆ 5. ನನ್ನ ತಕರಾರು ನಿಯಮದ ಮೇಲಲ್ಲ, ತಾರೆಯರ ಮುಂದೆ ಅದನ್ನು ಹಿಡಿದು ನಿಲ್ಲಲು ಹಿಂಜರಿಯುವವರ ಮೇಲೆ. ಪಾಯಿಂಟುಗಳ ನಡುವಿನ 25 ಸೆಕೆಂಡ್ ಮೀರಿದರೆ ಮೊದಲು ಎಚ್ಚರಿಕೆ, ಆಮೇಲೂ ತಡಮಾಡಿದ ಸರ್ವರ್ ಕಳೆದುಕೊಳ್ಳುವುದು ಪಾಯಿಂಟನ್ನಲ್ಲ, ಒಂದು ಸರ್ವ್ ಅನ್ನು ಮಾತ್ರ. ಅಷ್ಟು ಹಗುರ ದಂಡ ಹಾಕಲು ಬ್ರೇಕ್ ಪಾಯಿಂಟ್ ಆದರೇನು, ಫೈನಲ್ ಆದರೇನು?